ಎಂ.ಡಿ. ಸಾಕೇ, ಪಿಎಚ್.ಡಿ.ಯೂ ಬೇಕೇ?

ಪ್ರಶ್ನೆ: ನಾನು ರಾಯಚೂರಿನಲ್ಲಿ ಎಂ.ಬಿ.ಬಿ.ಎಸ್. ಮೂರನೇ ವರ್ಷ ಓದುತ್ತಿದ್ದೇನೆ. ಊರು ಸಿಂಧನೂರು ಕಡೆ. ಭತ್ತದ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡು ಬರುವವರನ್ನು ಕ್ಯಾಶುವಾಲ್ಟಿಯಲ್ಲಿ ನೋಡಿದಾಗಿನಿಂದ ಅದೇ ವಿಷಯದಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆ ಹುಟ್ಟಿದೆ. ಗೆಳತಿಯರು ಆಗಲೇ ಎಂ.ಡಿ. ಸೀಟಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿ.ಜಿ.ಯ ಕೋಚಿಂಗ್ ಸೇರಿದ್ದಾರೆ. ನಾನು ಬರೀ ಎಂ.ಡಿ. ಮಾಡಲೇ, ಎಂ.ಡಿ.-ಪಿಎಚ್.ಡಿ. ಎಂಬ ಜಂಟಿ ಪದವಿಗೆ ಹೋಗಲೇ? ಮನೆಯಲ್ಲಿ ‘ಇನ್ನೂ ಎಷ್ಟು ವರ್ಷ ಓದ್ತೀಯವ್ವಾ’ ಎಂದು ಕೇಳುತ್ತಾರೆ.

ಉತ್ತರ: ಮೊದಲು ಹೆಸರಿನ ಗೊಂದಲ ಬಿಡಿಸೋಣ. ಅಂತರ್ಜಾಲದಲ್ಲಿ ನೀವು ಓದುವ ‘ಎಂ.ಡಿ.-ಪಿಎಚ್.ಡಿ.’ ಬಹುಪಾಲು ಅಮೆರಿಕದ್ದು. ಅಲ್ಲಿ ಎಂ.ಡಿ. ಎಂದರೆ ವೈದ್ಯರ ಮೊದಲ ಪದವಿ, ಅಂದರೆ ನಮ್ಮ ಎಂ.ಬಿ.ಬಿ.ಎಸ್.ಗೆ ಸಮ. ನಮ್ಮ ಎಂ.ಡಿ. ಅದರ ಮೇಲಿನ ಮೂರು ವರ್ಷದ ತಜ್ಞ ಪದವಿ. ಹಾಗಾಗಿ ಅಲ್ಲಿನ ಹುಡುಗರಿಗೆ ಕಾಲೇಜು ಸೇರುವ ಮೊದಲೇ ಎದುರಾಗುವ ಕವಲು ನಿಮಗೆ ಈಗ ಎದುರಾಗಿಲ್ಲ. ನಮ್ಮಲ್ಲಿ ಹೆಚ್ಚಿನವರು ಎರಡನ್ನೂ ಒಂದಾದ ಮೇಲೊಂದು ಮಾಡಿಕೊಳ್ಳುತ್ತಾರೆ. ಎರಡು ಪದವಿ ಒಟ್ಟಿಗೆ ಓದಬಹುದೆಂಬ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) 2022ರ ಮಾರ್ಗಸೂಚಿಯೂ ಪಿಎಚ್.ಡಿ.ಗೆ ಅನ್ವಯಿಸುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಆವರಣದಲ್ಲೇ ವೈದ್ಯಕೀಯ ಶಾಲೆ, ಆಸ್ಪತ್ರೆ ಕಟ್ಟುವ ಯೋಜನೆ ಹಾಕಿ, 2022ರಲ್ಲಿ ಅದಕ್ಕೆ 425 ಕೋಟಿ ರೂಪಾಯಿ ದೇಣಿಗೆ ಪಡೆಯಿತು. ಎಂ.ಡಿ.-ಪಿಎಚ್.ಡಿ. ಜಂಟಿ ಪದವಿ ಕೊಡುವುದೇ ಅದರ ಉದ್ದೇಶ. ಇಂಥ ಕಡೆ ಸೀಟಿನ ಅಧಿಕೃತ ಪ್ರಕಟಣೆ ಕಣ್ಣಿಗೆ ಬಿದ್ದ ಮೇಲಷ್ಟೇ ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿ.

ಇನ್ನು ಆಯ್ಕೆಯ ಮಾತು. ಪದವಿಯಿಂದ ಶುರು ಮಾಡಬೇಡಿ, ನಿಮ್ಮನ್ನು ಕಾಡುವ ಪ್ರಶ್ನೆಯಿಂದ ಶುರು ಮಾಡಿ. ಹಾವು ಕಡಿತವನ್ನೇ ತೆಗೆದುಕೊಳ್ಳಿ. ಮಂಡಲದ ಹಾವು ಕಚ್ಚಿದವರ ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡಲು 2 ಮಿ.ಲೀ. ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ನಳಿಕೆಯನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ, ಅಥವಾ ಅದು ಪ್ಲಾಸ್ಟಿಕ್‌ನದಾಗಿದ್ದರೆ, ಸರಿಯಾಗಿರುವ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಬೇಡದವರಿಗೂ ಪ್ರತಿವಿಷ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ತಪ್ಪು ಎಷ್ಟಾಗುತ್ತಿದೆ, ಪ್ರತಿವಿಷದ ಎಷ್ಟು ವಯಲ್‌ಗೆ (ಸೀಸೆಗೆ) ರಕ್ತಸ್ರಾವ ನಿಲ್ಲುತ್ತದೆ, ಯಾರಿಗೆ ಮೂತ್ರಪಿಂಡ ಕೈಕೊಡುತ್ತದೆ ಎಂಬಂಥ ಪ್ರಶ್ನೆಗಳಿಗೆ ಉತ್ತರ ವಾರ್ಡಿನಲ್ಲೇ ಸಿಗುತ್ತದೆ. ಜನರಲ್ ಮೆಡಿಸಿನ್ ಎಂ.ಡಿ., ಅಚ್ಚುಕಟ್ಟಾದ ಪ್ರಬಂಧ, ಸಂಖ್ಯಾಶಾಸ್ತ್ರ ಬಲ್ಲ ಒಬ್ಬ ಜೊತೆಗಾರ ಇಷ್ಟಿದ್ದರೆ ಸಾಕು. ಇದಕ್ಕೆ ಪಿಎಚ್.ಡಿ. ಬೇಕಿಲ್ಲ.

ಕಚ್ಚಿಸಿಕೊಂಡವರು ಆಸ್ಪತ್ರೆಗೆ ತಡವಾಗಿ ಬರುವುದೇಕೆ, ಮೊದಲು ಮಂತ್ರ ಹಾಕಿಸಲು ಹೋಗುವುದೇಕೆ, ಬಾರದೇ ಸತ್ತವರೆಷ್ಟು ಎಂಬುದು ಹಳ್ಳಿಯ ಪ್ರಶ್ನೆ. ಅದಕ್ಕೆ ಕಮ್ಯುನಿಟಿ ಮೆಡಿಸಿನ್ ಎಂ.ಡಿ. ಅಥವಾ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯಾದ ಎಂ.ಪಿ.ಎಚ್. ಸರಿಯಾದ ದಾರಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ. ಆಸ್ಪತ್ರೆಯ ವರದಿಗೂ ಹಳ್ಳಿಯ ವಾಸ್ತವಕ್ಕೂ ಎಷ್ಟು ಅಂತರವಿದೆ ಎಂದು ಅಳೆಯುವುದೇ ಒಂದು ಒಳ್ಳೆಯ ಅಧ್ಯಯನವಾದೀತು.

ಮೂರನೆಯದು ಬೇರೆ ಜಾತಿಯ ಪ್ರಶ್ನೆ. ನಮ್ಮ ದೇಶದ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದ ವಿರುದ್ಧ ತಯಾರಿಸುತ್ತಾರೆ. ಆ ವಿಷ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ರಾಯಚೂರಿನ ಕೊಳಕುಮಂಡಲದ ವಿಷದಲ್ಲಿ ಯಾವ ಪ್ರೋಟೀನು ಎಷ್ಟಿದೆ, ಪ್ರತಿವಿಷ ಅದನ್ನು ಎಷ್ಟು ಕಟ್ಟಿಹಾಕುತ್ತದೆ, ಈಗಿನಂತೆ ಕುದುರೆಯ ರಕ್ತದಿಂದ ತೆಗೆಯದ ಹೊಸ ಪ್ರತಿಕಾಯ ಮಾಡಬಹುದೇ ಎಂಬುದು ನಿಮ್ಮ ಕುತೂಹಲವಾದರೆ ನಾಲ್ಕೈದು ವರ್ಷ ಪ್ರಯೋಗಾಲಯದ ಬೆಂಚಿನ ಮುಂದೆ ಕೂರಲೇಬೇಕು. ಪಿಎಚ್.ಡಿ. ಇರುವುದೇ ಅದಕ್ಕೆ. ಇಂಥ ಪ್ರಶ್ನೆಯ ಎರಡು ತುದಿಯನ್ನೂ, ಅಂದರೆ ಮಂಚದ ಮೇಲಿನ ರೋಗಿಯನ್ನೂ ನಳಿಕೆಯಲ್ಲಿನ ವಿಷವನ್ನೂ, ಬಲ್ಲವರು ಈ ಸೀಮೆಗೆ ನಿಜಕ್ಕೂ ಬೇಕಾಗಿದ್ದಾರೆ. ನಿಮ್ಮ ಆಸೆ ಇದೇ ಆಗಿದ್ದರೆ ಅದನ್ನು ಬಿಡಬೇಡಿ.

ಹಾಗಾದರೆ ಯಾವುದು ಮೊದಲು? ಎಂ.ಬಿ.ಬಿ.ಎಸ್. ಆದವರು ನೇರವಾಗಿಯೂ ಪಿಎಚ್.ಡಿ.ಗೆ ಹೋಗಬಹುದು. ಶೇ 55 ಅಂಕದ ಎಂ.ಬಿ.ಬಿ.ಎಸ್. ಇದ್ದರೆ ಸಂಶೋಧನಾ ಫೆಲೋಶಿಪ್‌ಗೆ ನಡೆಯುವ ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಗೆ ಕೂರಬಹುದು. ಅದರಲ್ಲಿ ಜೆ.ಆರ್.ಎಫ್. (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ., ಜೊತೆಗೆ ಮನೆ ಬಾಡಿಗೆ ಭತ್ಯೆ. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ಎಂ.ಡಿ. ಮೊದಲು ಮಾಡಿದರೂ ಪಿಎಚ್.ಡಿ. ಮೊದಲು ಮಾಡಿದರೂ ಎರಡನ್ನೂ ಮುಗಿಸುವ ವಯಸ್ಸಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಹೌಸ್ ಸರ್ಜನ್ಸಿ (ಇಂಟರ್ನ್‌ಶಿಪ್) ಒಂದು ವರ್ಷ, ನೀಟ್ ಪಿ.ಜಿ.ಗೆ ಒಂದು ವರ್ಷ ಹೋಯಿತೆನ್ನಿ, ಎಂ.ಡಿ. ಮೂರು, ಪಿಎಚ್.ಡಿ. ನಾಲ್ಕರಿಂದ ಐದು. ಹದಿನೆಂಟಕ್ಕೆ ಸೇರಿದವರಿಗೆ ಎಲ್ಲ ಮುಗಿಯುವಾಗ ಮೂವತ್ತೆರಡು, ಮೂವತ್ಮೂರು. ಮನೆಯವರಿಗೆ ಈ ಲೆಕ್ಕವನ್ನು ಮುಚ್ಚಿಡದೆ ಹೇಳಿ. ದುಡ್ಡು ಕೈಗೆ ಬರುವುದು ಆ ವಯಸ್ಸಿಗಲ್ಲ, ಹೌಸ್ ಸರ್ಜನ್ಸಿಯಿಂದಲೇ ಸ್ಟೈಪೆಂಡ್ ಬರುತ್ತದೆ ಎಂಬುದನ್ನೂ ಹೇಳಿ.

ನಿಮಗೆ ನಮ್ಮ ಸಲಹೆ, ಎಂ.ಡಿ. ಮೊದಲು. ಕಾರಣ ನೀಟ್ ಪಿ.ಜಿ. ಮೂರೂವರೆ ಗಂಟೆಯಲ್ಲಿ ಎಂ.ಬಿ.ಬಿ.ಎಸ್. ಪಠ್ಯದಿಂದ 200 ಪ್ರಶ್ನೆ ಕೇಳುತ್ತದೆ. ಐದು ವರ್ಷ ಪ್ರೋಟೀನಿನ ಹಿಂದೆ ಬಿದ್ದವರಿಗೆ ಸ್ತ್ರೀರೋಗ, ಮಕ್ಕಳ ಕಾಯಿಲೆಯ ಪಾಠ ಮರೆತಿರುತ್ತದೆ. ಕೈಕೆಲಸದ ರೂಢಿಯೂ ತಪ್ಪುತ್ತದೆ. ಇನ್ನೂ ಒಂದು ವಿಷಯವನ್ನು ಬಹಳ ಜನ ತಡವಾಗಿ ಅರಿಯುತ್ತಾರೆ: ಎಂ.ಬಿ.ಬಿ.ಎಸ್. ಮೇಲೆ ಪಿಎಚ್.ಡಿ. ಮಾತ್ರ ಇದ್ದರೆ ನೀವು ತಜ್ಞ ವೈದ್ಯೆ ಎನಿಸುವುದಿಲ್ಲ, ಮೆಡಿಸಿನ್‌ನಂಥ ವಿಭಾಗದಲ್ಲಿ ಬೋಧಕರಾಗಲು ಎಂ.ಡಿ.ಯಂಥ ತಜ್ಞ ಪದವಿ ಬೇಕೇ ಬೇಕು. ರೋಗಿಗಳನ್ನು ನೋಡುವುದೇ ಬೇಡ, ಪ್ರಯೋಗಾಲಯವೇ ಸಾಕು ಎಂದು ಗಟ್ಟಿಯಾಗಿ ಅನ್ನಿಸಿದವರು ಮಾತ್ರ ನೇರ ಪಿಎಚ್.ಡಿ. ಹಿಡಿಯಲಿ.

ಪಿಎಚ್.ಡಿ. ಕೆಡುವುದು ಹೆಚ್ಚಾಗಿ ಬುದ್ಧಿ ಸಾಲದೆ ಅಲ್ಲ, ಮಾರ್ಗದರ್ಶಕರ ಆಯ್ಕೆ ತಪ್ಪಿ. ಸೇರುವ ಮೊದಲು ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಯೋಜನೆಯ ಹಣ ಇನ್ನೆಷ್ಟು ವರ್ಷ ಇದೆ, ವಾರಕ್ಕೊಂದು ದಿನ ಒ.ಪಿ.ಡಿ.ಗೆ ಬಿಡುತ್ತಾರೆಯೇ, ಈ ಮೂರನ್ನು ಕೇಳಿ. ಮೊದಲ ಪ್ರಶ್ನೆಯ ಉತ್ತರವನ್ನು ಅವರಿಂದಲ್ಲ, ಆ ವಿದ್ಯಾರ್ಥಿಗಳಿಂದಲೇ ಪಡೆಯಿರಿ.

ಇದೆಲ್ಲ ಮುಂದಿನ ಮಾತು. ಸಂಶೋಧನೆ ನಿಮ್ಮ ಮೈಗೆ ಒಗ್ಗುತ್ತದೆಯೇ ಎಂದು ತಿಳಿಯಲು ಈಗಲೇ ಒಂದು ದಾರಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐ.ಸಿ.ಎಂ.ಆರ್.) 1979ರಿಂದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗಾಗಿ ಎಸ್.ಟಿ.ಎಸ್. ಎಂಬ ಎರಡು ತಿಂಗಳ ಸಂಶೋಧನಾ ಯೋಜನೆ ನಡೆಸುತ್ತಿದೆ. ನಿಮ್ಮದೇ ಕಾಲೇಜಿನ ಒಬ್ಬ ಬೋಧಕರನ್ನು ಮಾರ್ಗದರ್ಶಕರಾಗಿ ಒಪ್ಪಿಸಿ, ಎರಡು ತಿಂಗಳಲ್ಲಿ ಮುಗಿಯುವಷ್ಟು ಸಣ್ಣ ಪ್ರಶ್ನೆ ಇಟ್ಟುಕೊಂಡು ಪ್ರಸ್ತಾವ ಬರೆಯಿರಿ. ‘ಹಾವು ಕಡಿತದ ಸಮಗ್ರ ಅಧ್ಯಯನ’ ಎಂದು ಬರೆದರೆ ಮುಗಿಯುವುದಿಲ್ಲ. ‘ಕಚ್ಚಿದ ಹೊತ್ತಿಗೂ ಮೊದಲ ವಯಲ್ ಕೊಟ್ಟ ಹೊತ್ತಿಗೂ ನಡುವಿನ ಅಂತರ’ ಎಂದರೆ ಮುಗಿಯುತ್ತದೆ. ಎಥಿಕ್ಸ್ ಕಮಿಟಿಯ ಸಭೆ ಪದೇ ಪದೇ ಸೇರುವುದಿಲ್ಲ, ಅದರ ಒಪ್ಪಿಗೆಗೆ ಮುಂಚಿತವಾಗಿಯೇ ಅರ್ಜಿ ಕೊಡಿ. ಹಳೇ ಕೇಸ್ ಶೀಟುಗಳನ್ನೇ ನಂಬಿದರೆ ಕಚ್ಚಿದ ಸಮಯದ ಜಾಗ ಎಷ್ಟೋ ಕಡೆ ಖಾಲಿ ಇರುತ್ತದೆ. ಅದಕ್ಕೇ ಪ್ರಸ್ತಾವ ಬರೆಯುವ ಮುನ್ನ ಮೆಡಿಕಲ್ ರೆಕಾರ್ಡ್ ವಿಭಾಗದಲ್ಲಿ, ಅನುಮತಿ ಪಡೆದು, ಇಪ್ಪತ್ತು ಕೇಸ್ ಶೀಟು ತೆಗೆದು ನೋಡಿ. ಖಾಲಿ ಜಾಗ ನೋಡಿ ನಿಮಗೆ ಬೇಸರವಾಗುತ್ತದೋ, ಇದನ್ನು ಸರಿಯಾಗಿ ಬರೆಸುವುದು ಹೇಗೆಂಬ ಯೋಚನೆ ಬರುತ್ತದೋ, ಗಮನಿಸಿಕೊಳ್ಳಿ.

ಪ್ರಶ್ನೆ: ಮಗಳು ಕುಷ್ಟಗಿಯಲ್ಲಿ ದ್ವಿತೀಯ ಪಿ.ಯು. ವಿಜ್ಞಾನ ಓದುತ್ತಿದ್ದಾಳೆ. ಅಮೆರಿಕದಲ್ಲಿ ಎಂಟು ವರ್ಷದ ಎಂ.ಡಿ.-ಪಿಎಚ್.ಡಿ. ಇದೆ, ಫೀಸು ಇಲ್ಲ, ಪಿ.ಯು. ಮೇಲೆ ನೇರ ಸೀಟು ಕೊಡಿಸುತ್ತೇವೆ ಎಂದು ಒಬ್ಬ ಏಜೆಂಟರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಅವರು ಹೇಳುವ ಕೋರ್ಸು ನಿಜ, ಸೀಟಿನ ಮಾತು ಸುಳ್ಳು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1964ರಿಂದ ಈ ಜಂಟಿ ತರಬೇತಿಗೆ ಹಣ ಕೊಡುತ್ತಿದೆ. ಫೀಸು ಇಲ್ಲ, ಸ್ಟೈಪೆಂಡ್ ಇದೆ, ಸುಮಾರು ಎಂಟು ವರ್ಷ ಹಿಡಿಯುತ್ತದೆ. ಆದರೆ ಆ ಹಣ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಅಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಲು ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬೇಕು. ಮಗಳಿಗೆ ಅಮೆರಿಕದಲ್ಲಿ ಸಂಶೋಧನೆ ಮಾಡುವ ಆಸೆಯೇ ಇದ್ದರೆ ಇಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಅಲ್ಲಿನ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಜೀವವಿಜ್ಞಾನದ ಪಿಎಚ್.ಡಿ.ಗೆ ಅಲ್ಲಿ ಸಾಮಾನ್ಯವಾಗಿ ಫೀಸು ಮಾಫಿ, ಸ್ಟೈಪೆಂಡೂ ಉಂಟು.

ಆ ಮುಂಗಡದ ಚಿಂತೆ ಬಿಟ್ಟು ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರದ ಕಡೆ ಗಮನ ಕೊಡಿ. ಕೊಪ್ಪಳ, ರಾಯಚೂರು, ಬಳ್ಳಾರಿಯೂ ಸೇರಿದ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಈ ಭಾಗದ ಕಾಲೇಜುಗಳ ರಾಜ್ಯ ಕೋಟಾದಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟು ಮೀಸಲು. ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಜಾತಿ, ಆದಾಯದ ಪತ್ರ ಮಾಡಿಸಿಟ್ಟು ಇದೊಂದನ್ನು ಮರೆತು ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆ.ಇ.ಎ.) ದಾಖಲೆ ಪರಿಶೀಲನೆಯ ದಿನ ಪರದಾಡುವವರಿದ್ದಾರೆ. ಹೆಸರಿನ ಕಾಗುಣಿತ, ತಂದೆಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದಂತೆಯೇ ಇದೆಯೇ ಎಂದು ಪತ್ರ ಕೈಗೆ ಬಂದ ದಿನವೇ ಹೋಲಿಸಿ ನೋಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ಎಂ.ಡಿ. ಮುಗಿಸಿ ಬೋಧಕ ಹುದ್ದೆಯಲ್ಲಿದ್ದೇನೆ. ಕೆಲಸ ಬಿಡದೆ ಪಿಎಚ್.ಡಿ. ಮಾಡಬಹುದೇ?

ಉತ್ತರ: ಮಾಡಬಹುದು. ಯು.ಜಿ.ಸಿ.ಯ 2022ರ ನಿಯಮದಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದೆ. ಸಂಶೋಧನೆಗೆ ಸಾಕಷ್ಟು ಸಮಯ ಕೊಡುತ್ತೇವೆ, ಕೋರ್ಸ್‌ವರ್ಕ್‌ಗೆ (ಪಿಎಚ್.ಡಿ.ಯ ತರಗತಿ ಪಾಠಗಳಿಗೆ) ಬೇಕಾದರೆ ರಜೆ ಕೊಡುತ್ತೇವೆ ಎಂದು ನಿಮ್ಮ ಸಂಸ್ಥೆ ನಿರಾಕ್ಷೇಪಣಾ ಪತ್ರ ಬರೆದುಕೊಡಬೇಕು. ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮೇಲೆ ಎರಡು ವರ್ಷದವರೆಗೆ ವಿಸ್ತರಣೆ ಸಿಗಬಹುದು. ಎಂ.ಡಿ. ಪ್ರಬಂಧದ ವಿಷಯವನ್ನೇ ಬೆಳೆಸಿ, ನಿಮ್ಮ ವಾರ್ಡಿಗೆ ದಿನವೂ ಬರುವ ಕಾಯಿಲೆಯನ್ನೇ ಆರಿಸಿಕೊಳ್ಳಿ. ಕೆಲಸದ ನಡುವೆ ಬೆಂಗಳೂರಿನ ಪ್ರಯೋಗಾಲಯಕ್ಕೆ ಓಡಾಡಿಕೊಂಡು ಮುಗಿಸುತ್ತೇನೆಂದು ಹೊರಟರೆ ಮಾದರಿಗಳನ್ನು ತಣ್ಣಗೆ ಸಾಗಿಸುವಲ್ಲೇ ಕೆಲಸ ಕೆಡುತ್ತದೆ. ನಿಮ್ಮ ಕಾಲೇಜಿನಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್ ಇದೆಯೇ, ಕರೆಂಟು ಹೋದರೆ ಅದಕ್ಕೆ ಜನರೇಟರ್ ಸಂಪರ್ಕ ಇದೆಯೇ ಎಂದು ವಿಷಯ ನೋಂದಾಯಿಸುವ ಮೊದಲೇ ವಿಚಾರಿಸಿ.