ಮೊದಲು ಬಾಗಿಲು, ಆಮೇಲೆ ನಾಮಪತ್ರ

ಇಂಗ್ಲೆಂಡಿಗೆ ಬಂದು ಆರು ತಿಂಗಳಾಯಿತು, ಕೆಲಸದ ವೀಸಾದಲ್ಲಿದ್ದೇನೆ, ಇಲ್ಲಿನ ಕೌನ್ಸಿಲ್ (ಸ್ಥಳೀಯ ಆಡಳಿತ) ಚುನಾವಣೆಗೆ ಪಕ್ಷೇತರನಾಗಿ ನಿಲ್ಲಬಹುದಾ ಅಂತ ಕೇಳಿದ್ದೀರಿ. ಈಗಲೇ ಆಗುವುದಿಲ್ಲ. ಆದರೆ ವೋಟು ಹಾಕಬಹುದು, ಗೊತ್ತಾ? ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ವೀಸಾ ಮೇಲೆ ಇಲ್ಲಿ ವಾಸವಿರುವ ನಮ್ಮವರೂ ಮತದಾರರ ಪಟ್ಟಿಗೆ ಸೇರಬಹುದು, ಪಾರ್ಲಿಮೆಂಟ್ ಚುನಾವಣೆಗೂ ಸೇರಿ. ನನಗೆ ಇದು ತಿಳಿಯುವಷ್ಟರಲ್ಲಿ ಎರಡು ಚುನಾವಣೆ ಸುಮ್ನೆ ಕಳೆದುಹೋಗಿತ್ತು.

ನಿಲ್ಲಬೇಕಾದರೆ ಐಎಲ್‌ಆರ್, ಅಂದರೆ ಕಾಯಂ ವಾಸದ ಅನುಮತಿ, ಬೇಕು. ಅದು ಸಿಕ್ಕ ಮೇಲೆ ಕಾಗದಪತ್ರದ ತಲೆನೋವು ಕಡಿಮೆ. ಕೌನ್ಸಿಲ್‌ಗೆ ಠೇವಣಿ ಇಲ್ಲ, ಸೂಚಕರು, ಅನುಮೋದಕರು ಅಂತ ಇಬ್ಬರ ಸಹಿ ಸಾಕು. ಪಾರ್ಲಿಮೆಂಟಿಗಾದರೆ 500 ಪೌಂಡ್ ಇಡಬೇಕು, ಶೇಕಡಾ 5ರಷ್ಟು ಮತ ದಾಟದಿದ್ದರೆ ಅದು ಹೋಯಿತು. ಅದೇ ಕೌನ್ಸಿಲ್‌ನಲ್ಲಿ ನೌಕರಿ ಇದ್ದರೆ ಮಾತ್ರ ನಿಲ್ಲುವಂತಿಲ್ಲ.

ನಿಜವಾದ ಕೆಲಸ ಇರುವುದು ಬಾಗಿಲು ತಟ್ಟುವುದರಲ್ಲಿ. ನಮ್ಮ ಬೀದಿಯ ಪಕ್ಷೇತರರೊಬ್ಬರ ಜೊತೆ ಮೊದಲ ಸಲ ಹೋದಾಗ ಅಜ್ಜಿಯೊಬ್ಬರು, ‘ಚುನಾವಣೆ ಬಂತು, ನೀವೂ ಬಂದಿರಿ’ ಅಂದು ಬಾಗಿಲು ಹಾಕಿಕೊಂಡರು. ಸೋತೆವು. ಆ ಚಳಿಗಾಲ ಚುನಾವಣೆ ಹತ್ತಿರ ಇಲ್ಲದಿದ್ದರೂ ಮತ್ತೆ ಮನೆಮನೆಗೆ ಹೋದೆವು. ವೋಟಿನ ಮಾತೇ ಇಲ್ಲ. ‘ಈ ಬೀದಿಯಲ್ಲಿ ನಿಮಗೆ ಏನು ತೊಂದರೆ?’ ಇಷ್ಟೇ ಪ್ರಶ್ನೆ. ಉರಿಯದ ಬೀದಿದೀಪ, ಕಿತ್ತುಹೋದ ಫುಟ್‌ಪಾತ್, ಎಲ್ಲ ಬರೆದುಕೊಂಡು ಕೌನ್ಸಿಲ್‌ಗೆ ಪತ್ರ ಹಾಕುತ್ತಿದ್ದೆವು. ಏನಾಯಿತು ಅಂತ ಹೇಳಲು ಅದೇ ಮನೆಗೆ ವಾಪಸ್ ಹೋಗುತ್ತಿದ್ದೆವು. ಕೆಲಸ ಆಗದಿದ್ದರೂ ಹೋಗುತ್ತಿದ್ದೆವು, ಅದೇ ಮುಖ್ಯ. ಮುಂದಿನ ಚುನಾವಣೆಗೆ ಆ ಅಜ್ಜಿ ಕಿಟಕಿಗೆ ನಮ್ಮ ಪೋಸ್ಟರ್ ಅಂಟಿಸಿದ್ದರು.

ಇನ್ನೊಂದು ವಿಷಯ. ಕರಪತ್ರದ ಮೇಲೆ ಮುದ್ರಿಸಿದವರ, ಹೊರತಂದವರ ಹೆಸರು ವಿಳಾಸ ಇರಲೇಬೇಕು, ಕಾನೂನು. ಅದನ್ನು ಬಾಗಿಲಲ್ಲಿ ಅಂಚೆ ಹಾಕಲು ಇರುವ ಸೀಳಿನೊಳಗೆ ತಳ್ಳಲು ಮರದ ಸೌಟು ಇಟ್ಟುಕೊಳ್ಳಿ. ನಗಬೇಡಿ, ಒಳಗೆ ನಾಯಿ ಕಾದಿರುತ್ತದೆ!

ಒಂದು ಮನೆ ಬಿಟ್ಟರೆ ಏನಾಯಿತು ಅನ್ನಿಸಬಹುದು. ದಾದಾಭಾಯಿ ನವರೋಜಿ 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿ ಸೆಂಟ್ರಲ್‌ನಿಂದ ಪಾರ್ಲಿಮೆಂಟಿಗೆ ಗೆದ್ದಿದ್ದು ಬೆರಳಲ್ಲಿ ಎಣಿಸುವಷ್ಟು ಮತಗಳಿಂದ. ಕೌನ್ಸಿಲ್ ವಾರ್ಡು ಅದಕ್ಕಿಂತ ಎಷ್ಟೋ ಚಿಕ್ಕದು, ಅಲ್ವಾ?

ಈ ವಾರ ಪಟ್ಟಿಗೆ ಹೆಸರು ಸೇರಿಸಿ. ಮತಗಟ್ಟೆಗೆ ಹೋಗುವಾಗ ಫೋಟೋ ಇರುವ ಗುರುತಿನ ದಾಖಲೆ ಬೇಕು, ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ.