ಕಾರಿನ ಲೈಟಿನ ಮೇಲಿನ ಕಪ್ಪು ಬಣ್ಣ ಮತ್ತು ಫಿಲ್ಮ್ ತೆಗೆಯಲು ಥಿನ್ನರ್ ಬಳಸಬೇಡಿ

ಶಹಾಪುರದಲ್ಲಿ ಕೊಂಡ ಹಳೆಯ ಕಾರಿನ ಹೆಡ್‌ಲೈಟಿಗೆ ಹಳದಿ ಫಿಲ್ಮ್ ಅಂಟಿಸಿದ್ದಾರೆ, ಹಿಂದಿನ ಲೈಟುಗಳಿಗೆ ಕಪ್ಪು ಸ್ಪ್ರೇ ಹೊಡೆದಿದ್ದಾರೆ, ಥಿನ್ನರ್ (ಪೇಂಟನ್ನು ತೆಳುಮಾಡುವ ದ್ರಾವಣ) ಹಾಕಿ ಒರೆಸಿದರೆ ಹೋಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ, ಒರೆಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಒರೆಸಬೇಡಿ. ನಾನು ಕಲಬುರಗಿಯಲ್ಲಿ ವಾಹನಗಳ ಪೇಂಟಿಂಗ್ ಮತ್ತು ಪಾಲಿಶ್ ಕೆಲಸ ಮಾಡುತ್ತೇನೆ. ಬಣ್ಣ ಹೊಡೆದು ಕೆಟ್ಟ ಲೈಟುಗಳಿಗಿಂತ ಥಿನ್ನರ್ ತಾಗಿ ಕೆಟ್ಟವೇ ನನ್ನ ಬಳಿ ಹೆಚ್ಚು ಬರುತ್ತವೆ.

ಈ ಸಲಹೆ ಹುಟ್ಟಿದ್ದು ಗಾಜಿನ ಲೈಟುಗಳ ಕಾಲದಲ್ಲಿ. ಹಳೆಯ ಜೀಪು, ಲಾರಿಗಳ ಹೆಡ್‌ಲೈಟಿಗೆ ಬಳಿಯುತ್ತಿದ್ದ ಕಪ್ಪು ಬಣ್ಣವನ್ನು ಥಿನ್ನರಿನಿಂದ ಒರೆಸಿದರೂ, ಬ್ಲೇಡಿನಿಂದ ಕೆರೆದರೂ ಗಾಜಿಗೆ ಏನೂ ಆಗುತ್ತಿರಲಿಲ್ಲ. ಈಗಿನ ಹೆಡ್‌ಲೈಟು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದು, ಹಿಂದಿನ ಲೈಟು ಸಾಮಾನ್ಯವಾಗಿ ಅಕ್ರಿಲಿಕ್ಕಿನದು. ಥಿನ್ನರಿನಲ್ಲಿರುವ ಟಾಲ್ವೀನ್, ಅಸಿಟೋನ್‌ಗಳು ಬಣ್ಣದ ಜೊತೆಗೆ ಈ ಪ್ಲಾಸ್ಟಿಕ್ಕನ್ನೂ ಕರಗಿಸುತ್ತವೆ. ಮೇಲ್ಮೈ ಹಾಲಿನಂತೆ ಬೆಳ್ಳಗಾಗಿ, ಒಳಗೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಆಳಕ್ಕಿಳಿದ ಆ ಬಿರುಕುಗಳು ಯಾವ ಪಾಲಿಶಿಗೂ ಹೋಗುವುದಿಲ್ಲ. ಪೆಟ್ರೋಲು, ಉಗುರುಬಣ್ಣ ತೆಗೆಯುವ ದ್ರಾವಣ ಕೂಡ ಬೇಡ. ಹಿಂದಿನ ಲೈಟಿಗೆ ಸ್ಪಿರಿಟ್ಟನ್ನೂ ಮುಟ್ಟಿಸಬೇಡಿ, ಅಕ್ರಿಲಿಕ್ ಅದಕ್ಕೂ ಬಿರಿಯುತ್ತದೆ.

ಫಿಲ್ಮ್ ತೆಗೆಯುವುದು ಸುಲಭ. ಕೂದಲು ಒಣಗಿಸುವ ಡ್ರೈಯರನ್ನು ಒಂದು ಗೇಣು ದೂರದಲ್ಲಿ ಆಡಿಸುತ್ತ, ಕೈ ತಾಳುವಷ್ಟು ಬಿಸಿ ಮಾಡಿ, ಹಳೆಯ ಎಟಿಎಂ ಕಾರ್ಡಿನಿಂದ ಅಂಚನ್ನು ಎಬ್ಬಿಸಿ, ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಎಳೆಯಿರಿ. ಪೇಂಟಿಂಗ್ ಅಂಗಡಿಯ ಹೀಟ್ ಗನ್ ಬೇಡ. ಅದರ ಗಾಳಿ 300 ಡಿಗ್ರಿ ದಾಟುತ್ತದೆ, ಅಕ್ರಿಲಿಕ್ ಸುಮಾರು 100 ಡಿಗ್ರಿಗೇ ಮೆತ್ತಗಾಗುತ್ತದೆ. ನಮ್ಮ ಬಿಸಿಲಿನಲ್ಲಿ ಬೆಂದ ಹಳೆಯ ಫಿಲ್ಮ್ ಚೂರುಚೂರಾಗಿ ಬರುತ್ತದೆ, ಅಂಟು ಉಳಿಯುತ್ತದೆ. ಅದರ ಮೇಲೆ ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಉಜ್ಜಿ, ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ತೊಳೆದರೆ ಸಾಕು.

ಸ್ಪ್ರೇ ಬಣ್ಣಕ್ಕೆ ತಾಳ್ಮೆ ಬೇಕು, ಏಕೆಂದರೆ ಅದನ್ನು ನೀರು ಹಾಕಿ ವಾಟರ್ ಪೇಪರಿನಿಂದಲೇ, ಅಂದರೆ ನೀರಿನಲ್ಲಿ ನೆನೆಸಿ ಉಜ್ಜುವ ಮರಳು ಕಾಗದದಿಂದಲೇ ತೆಗೆಯಬೇಕು. ಲೈಟನ್ನು ಬಿಚ್ಚಿ ಹೊರಗಿಟ್ಟು ಮಾಡುವುದು ಉತ್ತಮ. ಬಿಚ್ಚಲಾಗದಿದ್ದರೆ ಸುತ್ತಲಿನ ಬಾಡಿಗೆ ಮಾಸ್ಕಿಂಗ್ ಟೇಪ್ ಎರಡು ಪದರ ಹಚ್ಚಿ. ಮೊದಲು ಮೂಲೆಯೊಂದರಲ್ಲಿ 1000 ನಂಬರಿನ ಪೇಪರಿನಿಂದ ಉಜ್ಜಿ ನೋಡಿ (ನಂಬರು ಹೆಚ್ಚಿದಷ್ಟೂ ಪೇಪರು ನುಣುಪು, ಕಡಿಮೆಯಾದಷ್ಟೂ ಒರಟು). ಬಣ್ಣ ದಪ್ಪವಾಗಿದ್ದು ಜಗ್ಗದಿದ್ದರೆ ಮಾತ್ರ 800ಕ್ಕೆ ಇಳಿಯಿರಿ. ಉಜ್ಜುವಾಗ ಇಳಿಯುವ ನೀರಿನ ಮೇಲೆ ಕಣ್ಣಿರಲಿ. ಅದು ಕಪ್ಪಾಗಿರುವವರೆಗೆ ನೀವು ಬಣ್ಣವನ್ನಷ್ಟೇ ತೆಗೆಯುತ್ತಿದ್ದೀರಿ; ಕೆಂಪು ಲೈಟಿನ ಮೇಲೆ ನೀರು ನಸುಗೆಂಪಾಗತೊಡಗಿದರೆ ಪೇಪರು ಪ್ಲಾಸ್ಟಿಕ್ಕನ್ನೇ ಕೊರೆಯುತ್ತಿದೆ ಎಂದರ್ಥ. ಆ ಜಾಗದಲ್ಲಿ ತಕ್ಷಣ ನಿಲ್ಲಿಸಿ ಪಕ್ಕಕ್ಕೆ ಸರಿಯಿರಿ. ಕಪ್ಪು ಪೂರ್ತಿ ಹೋದ ಮೇಲೆ 1500, 2000, 3000 ಎಂದು ಏರುತ್ತ, ಪ್ರತಿ ಸಲವೂ ಹಿಂದಿನ ಪೇಪರಿನ ಗೀರಿಗೆ ಅಡ್ಡಲಾಗಿ ಉಜ್ಜಿದರೆ ಹಳೆಯ ಗೀರು ಉಳಿದಿದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಕೊನೆಗೆ ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟು) ಹಾಕಿ ಪಾಲಿಶ್ ಮಾಡಿ. ಟೂತ್‌ಪೇಸ್ಟು ತೆಳು ಮಬ್ಬನ್ನು ತೆಗೆದೀತೇ ಹೊರತು ಬಣ್ಣವನ್ನಲ್ಲ.

ಹೊಳಪು ಬಂದಿತೆಂದು ಇಲ್ಲಿಗೇ ಬಿಡುವವರೇ ಹೆಚ್ಚು, ಆದರೆ ಕೆಲಸ ಇನ್ನೂ ಮುಗಿದಿರುವುದಿಲ್ಲ. ಹೆಡ್‌ಲೈಟಿನ ಮೇಲೆ ಕಂಪನಿಯೇ ಹಾಕಿದ ಗಟ್ಟಿ ರಕ್ಷಣಾ ಪದರವೊಂದಿರುತ್ತದೆ. ಪೇಪರ್ ತಾಗಿದರೆ ಅದೂ ಹೋಗುತ್ತದೆ, ಆಮೇಲೆ ಪಾಲಿಕಾರ್ಬೊನೇಟ್ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಹಳದಿಯಾಗುತ್ತದೆ. ಆದ್ದರಿಂದ ಪೇಪರ್ ಹಾಕಿದ ಲೈಟಿಗೆ ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ ಕಡ್ಡಾಯ. ಕಲಬುರಗಿ, ಯಾದಗಿರಿಯ ಏಪ್ರಿಲ್-ಮೇ ಬಿಸಿಲಿನಲ್ಲಿ ಕ್ಲಿಯರ್ ಸಮನಾಗಿ ಹರಡುವ ಮೊದಲೇ ಒಣಗಿ ತರಿತರಿಯಾಗುವುದರಿಂದ, ಬೆಳಿಗ್ಗೆ ಬಿಸಿಲೇರುವ ಮೊದಲು, ದೂಳು ಏಳದ ಜಾಗದಲ್ಲಿ ಹೊಡೆಯಿರಿ. ಹಾರ್ಡನರ್ (ಲೇಪವನ್ನು ಗಟ್ಟಿಯಾಗಿಸುವ ದ್ರಾವಣ) ಬೆರೆಸುವ ಕ್ಲಿಯರ್ ಶ್ವಾಸಕೋಶಕ್ಕೆ ಅಪಾಯಕಾರಿ. ಬಟ್ಟೆಯ ಮಾಸ್ಕ್ ಸಾಲದು, ಅದನ್ನು ಸರಿಯಾದ ಮಾಸ್ಕ್ ಇರುವ ಪೇಂಟರಿಗೇ ಬಿಡಿ.

ಕಪ್ಪು ತೆಗೆಯುವವರೆಗೆ ರಾತ್ರಿ ಗಾಡಿ ತೆಗೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ, ಮತ್ತು ಜೇವರ್ಗಿ-ಶಹಾಪುರ ರಸ್ತೆಯಲ್ಲಿ ಹತ್ತಿ ಹೇರಿಕೊಂಡು ನಿಮ್ಮ ಹಿಂದೆ ಬರುವ ಲಾರಿಯವನಿಗೆ ನೀವು ಬ್ರೇಕ್ ಹಾಕಿದ್ದು ಕಾಣಲೇಬೇಕು. ಲೈಟನ್ನು ಮರಳಿ ಕೂರಿಸಿದ ಮೇಲೆ ಹಗಲಿನಲ್ಲೇ ಒಬ್ಬರಿಂದ ಬ್ರೇಕ್ ತುಳಿಸಿ, ಹಿಂದೆ ದೂರ ನಿಂತು ಎರಡೂ ಕಡೆಯ ಕೆಂಪನ್ನು ಹೋಲಿಸಿ ನೋಡಿ. ಒಂದು ಕಡೆ ಮಂಕಾಗಿದ್ದರೆ ಅಲ್ಲಿ ಇನ್ನೂ ಬಣ್ಣದ ಪೊರೆ ಉಳಿದಿರಬಹುದು, ಅಷ್ಟು ಜಾಗಕ್ಕೆ ಮಾತ್ರ ಮತ್ತೆ 1500ರಿಂದ ಆರಂಭಿಸಿ.