ಗುಂಡಿ ಕೊರೆಯುವ ಮೊದಲು: ಮಾದರಿ ರೈಲಿನ ಟರ್ನ್‌ಟೇಬಲ್ ಪ್ರಶ್ನೋತ್ತರ

ಉಗಿ ಎಂಜಿನ್ನಿನ ಮುಖ ತಿರುಗಿಸುವ ಟರ್ನ್‌ಟೇಬಲ್ ಕಿಟ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಹಲಗೆಯಲ್ಲಿ ಕೊರೆದ ದುಂಡು ಗುಂಡಿಯಲ್ಲಿ ಕಿಟ್ಟಿನ ತೊಟ್ಟಿ ಕೂರುತ್ತದೆ; ಅದರೊಳಗೆ ಎಂಜಿನ್ ಹೊತ್ತು ತಿರುಗುವ ಹಳಿಯ ತುಂಡು ಸೇತುವೆ, ಸುತ್ತಲಿಂದ ಅಂಚಿಗೆ ಬಂದು ಸೇರುವವು ಹೊರಹಳಿಗಳು. ಉತ್ತರಗಳೆಲ್ಲ ಎಚ್‌ಓ ಅಳತೆಗೆ, ಅಂದರೆ 1:87ಕ್ಕೆ, ಹಳಿಗಳ ನಡುವೆ 16.5 ಮಿ.ಮೀ. ಇರುವ ಮಾದರಿ ರೈಲಿನ ಲೇಔಟ್‌ಗೆ ಅನ್ವಯಿಸುತ್ತವೆ.

ಪ್ರಶ್ನೆ: ಸೇತುವೆಯ ಉದ್ದ 305 ಮಿ.ಮೀ. ಇರುವ ಪ್ಲಾಸ್ಟಿಕ್ ಕಿಟ್ ನೋಡಿದ್ದೇನೆ. ಭಾರತೀಯ ರೈಲ್ವೆಯ ಡಬ್ಲ್ಯುಪಿ ಉಗಿ ಎಂಜಿನ್ ಅದರ ಮೇಲೆ ನಿಲ್ಲುತ್ತದೆಯೇ? ಮುಂದೆ ಅಮೆರಿಕದ ದೈತ್ಯ ಉಗಿ ಎಂಜಿನ್ ಬಿಗ್ ಬಾಯ್ ಕೊಂಡರೆ? (ಧಾರವಾಡ)

ಡಬ್ಲ್ಯುಪಿ ನಿಲ್ಲುತ್ತದೆ. ಕಲ್ಲಿದ್ದಲು, ನೀರು ಹೊರುವ ಹಿಂಬದಿಯ ಟೆಂಡರ್ ಸೇರಿ ಅಸಲಿ ಎಂಜಿನ್ ಸುಮಾರು 24 ಮೀಟರ್; 87ರಿಂದ ಭಾಗಿಸಿದರೆ 276 ಮಿ.ಮೀ. ಆದರೆ ಅಳೆಯಬೇಕಾದ್ದು ಬಫರಿನಿಂದ (ತುದಿಯ ಡಿಕ್ಕಿ ತಡೆಯಿಂದ) ಬಫರಿಗಲ್ಲ, ಮೊದಲ ಚಕ್ರದಿಂದ ಟೆಂಡರಿನ ಕೊನೆಯ ಚಕ್ರಕ್ಕೆ. ಬಫರ್ ಗುಂಡಿಯಂಚು ದಾಟಿ ಚಾಚಿಕೊಂಡರೆ ತೊಂದರೆಯಿಲ್ಲ, ಅದು ಸುತ್ತುವ ದಾರಿಯಲ್ಲಿ ಸಿಗ್ನಲ್ ಕಂಬ ಇರಬಾರದು ಅಷ್ಟೆ.

ಬಿಗ್ ಬಾಯ್ ಮಾತು ಬೇರೆ. ಅದರ ಚಕ್ರಗಳ ಹರವೇ 117 ಅಡಿಗೂ ಹೆಚ್ಚು. ಎಚ್‌ಓದಲ್ಲಿ ಅಡಿಗೆ 3.5 ಮಿ.ಮೀ., ಹಾಗಾಗಿ 410 ದಾಟುತ್ತದೆ. ನಿಮ್ಮ ಕಿಟ್ 87 ಅಡಿಯ ಸೇತುವೆಗೆ ಸಮ. ಈ ಎಂಜಿನ್ನಿಗಾಗಿ ಯೂನಿಯನ್ ಪೆಸಿಫಿಕ್ ರೈಲ್ವೆ ಹಾಕಿಸಿದ್ದು 135 ಅಡಿಯ ಟರ್ನ್‌ಟೇಬಲ್. ಎಚ್‌ಓದಲ್ಲಿ 472 ಮಿ.ಮೀ. ಆಸೆ ಇದ್ದರೆ ಈಗಲೇ ದೊಡ್ಡದನ್ನು ಕೊಳ್ಳಿ. ಆಮೇಲೆ ಗುಂಡಿ ಹಿಗ್ಗಿಸುವುದೆಂದರೆ ಸುತ್ತಲಿನ ಹಳಿಗಳನ್ನೆಲ್ಲ ಕಿತ್ತು ಹೊಸದಾಗಿ ಹಾಸಿದಂತೆಯೇ.

ಪ್ರಶ್ನೆ: ಲೋಕೋ ಶೆಡ್ಡಿನ ಹಳಿಗಳನ್ನು 10 ಡಿಗ್ರಿಗೆ ಒಂದರಂತೆ ಹಾಕಲೇ, 15ಕ್ಕೆ ಒಂದರಂತೆಯೇ? (ಹಾಸನ)

ಜಾಗವಿದ್ದರೆ 10. ಆಗ ಗುಂಡಿಯಂಚಿನಲ್ಲಿ ಪಕ್ಕಪಕ್ಕದ ಹಳಿಗಳ ಮಧ್ಯರೇಖೆಗಳ ಅಂತರ 26.6 ಮಿ.ಮೀ. ಮಾತ್ರ. ಹಳಿಯ ಕೆಳಗಿನ ಅಡ್ಡಪಟ್ಟಿಯ, ಅಂದರೆ ಸ್ಲೀಪರಿನ, ಉದ್ದವೇ ಸುಮಾರು 30 ಇರುವುದರಿಂದ ಅಂಚಿನ ಹತ್ತಿರದ ಸ್ಲೀಪರುಗಳ ತುದಿ ಕತ್ತರಿಸಬೇಕು. ಶೆಡ್ಡಿನ ಬಾಗಿಲುಗಳ ಮಧ್ಯರೇಖೆಗಳ ನಡುವೆ 55 ಮಿ.ಮೀ. ಬೇಕೆಂದರೆ ಬಾಗಿಲು ಅಂಚಿನಿಂದ 163 ಮಿ.ಮೀ. ದೂರ ಬರುತ್ತದೆ. 15 ಡಿಗ್ರಿಯಲ್ಲಿ ಸ್ಲೀಪರ್ ಮುಟ್ಟಬೇಕಾಗಿಲ್ಲ, ಆದರೆ ಬಾಗಿಲು 58 ಮಿ.ಮೀ.ಗೇ ಬಂದು ನಿಂತು ಅಂಗಳವೇ ಇಲ್ಲದಂತೆ ಕಾಣುತ್ತದೆ. ಯಾವುದಾದರೂ ಸರಿ, ಅಂಚಿನಿಂದ ಹೊರಗೆ ಒಂದು ಎಂಜಿನ್ ಉದ್ದದಷ್ಟು ಹಳಿ ನೇರವಾಗಿರಲಿ. ಮೊದಲು ಪೂರ್ಣ ಅಳತೆಯಲ್ಲಿ ಕಾಗದದ ಮೇಲೆ ಬರೆದು, ಎಂಜಿನ್ ಇಟ್ಟು ನೋಡಿ. ಗರಗಸ ಆಮೇಲೆ.

ಪ್ರಶ್ನೆ: ಬೇಸಿಗೆಯಲ್ಲಿ ಎಲ್ಲ ಸರಿಯಿತ್ತು. ಮಳೆ ಹಿಡಿದ ಮೇಲೆ ಎಂಜಿನ್ ಸೇತುವೆ ಹತ್ತುವಾಗ ಹಳಿ ತಪ್ಪುತ್ತಿದೆ. ಹಲಗೆ 12 ಮಿ.ಮೀ. ಪ್ಲೈವುಡ್. (ಮಂಗಳೂರು)

ಹಲಗೆ ತೇವ ಕುಡಿದು ಬಾಗಿದೆ. ಮೇಲ್ಮೈಗೆ ಮಾತ್ರ ಬಣ್ಣ ಹೊಡೆದು ಕೆಳಮೈ ಬರಿದಾಗಿ ಬಿಟ್ಟರೆ ಹೀಗಾಗುತ್ತದೆ: ಒಂದು ಕಡೆ ಮಾತ್ರ ತೇವ ಹೋಗಿ ಹಲಗೆ ತಟ್ಟೆಯಂತೆ ಡೊಂಕಾಗುತ್ತದೆ. ಕೊರೆದ ಗುಂಡಿಯ ಒಳ ಅಂಚು ಎಲ್ಲಕ್ಕಿಂತ ಹೆಚ್ಚು ನೀರು ಹೀರುವ ಜಾಗ. ಕರಾವಳಿಯಲ್ಲಿ ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಬಳಸಿ. ಎರಡೂ ಮೈಗೆ, ಒಳ ಅಂಚಿಗೂ ಎರಡು ಕೋಟ್ ವಾರ್ನಿಷ್ ಕೊಡಿ. ಗುಂಡಿಯ ನಾಲ್ಕೂ ಬದಿಗೆ, ಅಂಚಿನಿಂದ 50 ಮಿ.ಮೀ.ಗಿಂತ ದೂರ ಹೋಗದಂತೆ, ಕೆಳಗಿನಿಂದ ಮರದ ಪಟ್ಟಿ ಬಿಗಿಯಿರಿ.

ಗುಂಡಿಯ ಅಳತೆಯನ್ನು ನಕ್ಷೆಯ ಜೆರಾಕ್ಸ್ ಪ್ರತಿಯಿಂದ ತೆಗೆಯಬೇಡಿ, ಪ್ರತಿ ಹಿಗ್ಗಿರಬಹುದು ಅಥವಾ ಕುಗ್ಗಿರಬಹುದು. ಕಿಟ್ಟಿನ ತೊಟ್ಟಿಯನ್ನೇ ಅಳೆದು, ವ್ಯಾಸಕ್ಕೆ 2 ಮಿ.ಮೀ. ಸೇರಿಸಿ, ಪಟ್ಟಿಗೆ ಮೊಳೆ ಹೊಡೆದು ಕೈವಾರ ಮಾಡಿಕೊಂಡು ಗೆರೆ ಎಳೆಯಿರಿ. ಗೆರೆಯ ಒಳಗೆ ಕೊಯ್ದು, ಉಳಿದದ್ದನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಿರಿ.

ಹಲವರು ಎಡವುವ ಇನ್ನೊಂದು ಜಾಗವಿದೆ. ತೊಟ್ಟಿಯ ಅಂಚು ನೇರ ಪ್ಲೈವುಡ್ ಮೇಲೆ ಕೂತಿರುತ್ತದೆ, ಬರುವ ಹಳಿ 3 ಮಿ.ಮೀ. ಕಾರ್ಕ್ ಮೇಲಿರುತ್ತದೆ. ತೊಟ್ಟಿಯನ್ನು ಅಂಟಿಸದೆ ಇಟ್ಟು, ಸೇತುವೆಯಿಂದ ಹೊರಹಳಿಗೆ ಸ್ಟೀಲ್ ಸ್ಕೇಲ್ ಅಡ್ಡ ಹಾಕಿ ಬೆಳಕಿಗೆ ಹಿಡಿದು ನೋಡಿ. ಸಂದು ಮುಚ್ಚುವವರೆಗೆ ಅಂಚಿನ ಕೆಳಗೆ ಕಾರ್ಕ್ ಬಳೆ ಅಥವಾ ರಟ್ಟಿನ ತುಂಡು ಕೊಡಿ. ತೊಟ್ಟಿಯನ್ನು ಅಂಟಿಸುವ ಬದಲು ನಾಲ್ಕು ಸಣ್ಣ ಸ್ಕ್ರೂಗಳಿಂದ ಹಿಡಿಸಿದರೆ ಮುಂದೆಯೂ ಎತ್ತರ ತಿದ್ದಬಹುದು. ಸೇತುವೆಗೂ ಹೊರಹಳಿಗೂ ನಡುವೆ 0.5ರಿಂದ 1 ಮಿ.ಮೀ. ಸಂದಿರಲಿ. ಹೊರಹಳಿಯ ಕೊನೆಯನ್ನು ತಾಮ್ರ ಹೊದಿಸಿದ ಸರ್ಕ್ಯೂಟ್ ಬೋರ್ಡಿನ (ಪಿಸಿಬಿ) ಸ್ಲೀಪರಿಗೆ ಬೆಸೆಯಿರಿ, ಎರಡು ಹಳಿಗಳ ಮಧ್ಯೆ ತಾಮ್ರವನ್ನು ಗೀರಿ ಬೇರ್ಪಡಿಸುವುದನ್ನು ಮರೆಯಬೇಡಿ. ಸುಮಾರು 300 ಮಿ.ಮೀ. ಹಿಂದೆ ಹಳಿ ಜೋಡಣೆಯಲ್ಲಿ 1 ಮಿ.ಮೀ. ಸಡಿಲ ಬಿಟ್ಟರೆ ಹಿಗ್ಗುವುದು, ಕುಗ್ಗುವುದು ಅಲ್ಲೇ ಆಗುತ್ತದೆ, ಅಂಚಿಗೆ ಬರುವುದಿಲ್ಲ.

ಪ್ರಶ್ನೆ: ಎಂಜಿನ್ ಏರಿದ ಕೂಡಲೇ ಸೇತುವೆ ವಾಲುತ್ತದೆ. ಬಿಗಿ ಮಾಡಿದರೆ ತಿರುಗುವುದೇ ಇಲ್ಲ. (ಮೈಸೂರು)

ಭಾರ ಹೊರಬೇಕಾದ್ದು ನಡುಗೂಟ. ತುದಿಯ ಚಕ್ರಗಳು ವಾಲದಂತೆ ತಡೆಯಲಿಕ್ಕೆ ಮಾತ್ರ. ಸೇತುವೆ ಖಾಲಿಯಿದ್ದಾಗ ಚಕ್ರಕ್ಕೂ ಗುಂಡಿಯೊಳಗಿನ ಹಳಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಆರಾಮಾಗಿ ಜಾರಬೇಕು. ಕಾರ್ಡ್ ಸಿಕ್ಕಿಹಾಕಿಕೊಂಡರೆ ನಡುಗೂಟದ ಕೆಳಗೆ ತೆಳು ವಾಷರ್ ಸೇರಿಸಿ. ಒಂದು ಕಡೆ ಮಾತ್ರ ಸಿಕ್ಕಿದರೆ ತೊಟ್ಟಿಯ ತಳವೇ ಸೊಟ್ಟಗಿದೆ, ಕೆಳಗಿನಿಂದ ಆಧಾರ ಕೊಡಿ. ಉಜ್ಜುವ ಜಾಗಕ್ಕೆ ಗ್ರಾಫೈಟ್ ಹಾಕಬೇಡಿ: ಅದು ಕರೆಂಟ್ ಹರಿಸುತ್ತದೆ, ಪುಡಿ ಸ್ಪರ್ಶ ಬಳೆಗೆ (ಸೇತುವೆಯ ಹಳಿಗಳಿಗೆ ಕರೆಂಟ್ ಕೊಡುವ ಲೋಹದ ಬಳೆಗೆ) ಬಿದ್ದರೆ ಶಾರ್ಟ್ ಆಗುತ್ತದೆ. ಪ್ಲಾಸ್ಟಿಕ್ಕಿಗೆ ಒಗ್ಗುವ ಗ್ರೀಸ್ ಕಡ್ಡಿಯ ತುದಿಯಷ್ಟು ಸಾಕು.

ಪ್ರಶ್ನೆ: ಹಳಿಯ ಮೂಲಕವೇ ಎಂಜಿನ್ನಿಗೆ ಡಿಜಿಟಲ್ ಆಜ್ಞೆ ಕಳಿಸುವ ಡಿಸಿಸಿ ಲೇಔಟ್. ಸೇತುವೆ ಅರ್ಧ ಸುತ್ತು ತಿರುಗಿ ಎಂಜಿನ್ ಹೊರಟರೆ ಶಾರ್ಟ್. ಹಳಿಯ ಎರಡು ವೈರುಗಳನ್ನು ತಾನೇ ಅದಲುಬದಲು ಮಾಡುವ ಆಟೋ ರಿವರ್ಸರ್ ಕೊಳ್ಳಲೇಬೇಕೇ? (ಬೆಂಗಳೂರು)

ನಿಮ್ಮ ಕಿಟ್ಟಿನ ಸ್ಪರ್ಶ ಬಳೆ ಎರಡು ಅರ್ಧಗಳಾಗಿ ಸೀಳಿದ್ದರೆ ಬೇಡ. ಸೇತುವೆಯ ಜೊತೆ ತಿರುಗುವ ಎರಡು ಸ್ಪರ್ಶಗಳು ಅರ್ಧ ಸುತ್ತಿನಲ್ಲಿ ತಾವೇ ಬಳೆಯ ಅರ್ಧಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಬಳೆ ಸೀಳಿರದೆ ಎರಡು ಪೂರ್ತಿ ಬಳೆಗಳಿದ್ದರೆ ಮಾತ್ರ ರಿವರ್ಸರ್ ಬೇಕು.

ಶಾರ್ಟ್ ಆಗುವುದು ಹೊರಹಳಿಗಳ ವೈರಿಂಗ್ ತಪ್ಪಿದಾಗ. ಗುಂಡಿಯ ನಡುವೆ ನಿಂತು ಹೊರಗೆ ನೋಡುತ್ತಿದ್ದೀರಿ ಎಂದುಕೊಳ್ಳಿ. ಬಳೆಯ ಕೆಂಪು ವೈರಿನ ಅರ್ಧದ ಮೇಲೆ ಸೇತುವೆಯ ಈ ತುದಿಯ ಸ್ಪರ್ಶ ಇದ್ದಾಗ ಎಡಗಡೆ ಹಳಿಗೆ ಕೆಂಪು ಬರುತ್ತದೆ ಎಂದಾದರೆ, ಆ ಅರ್ಧದ ಕಡೆಯ ಎಲ್ಲ ಹೊರಹಳಿಗಳಲ್ಲೂ ಎಡಕ್ಕೆ ಕೆಂಪೇ ಇರಬೇಕು. ಎದುರು ಅರ್ಧದ ಕಡೆ ಎಲ್ಲದರಲ್ಲೂ ಎಡಕ್ಕೆ ಕಪ್ಪು. ಒಂದು ಹಳಿ ತಪ್ಪಿದರೂ ಆ ಹಳಿಗೆ ಹೋದಾಗಲೇ ಶಾರ್ಟ್. ಎಂಜಿನ್ ಇಡುವ ಮೊದಲು ಮಲ್ಟಿಮೀಟರ್‌ನಿಂದ ಒಂದೊಂದನ್ನೂ ನೋಡಿ. ಬಳೆಯ ಸೀಳು ಯಾವ ಹಳಿಯೂ ಇಲ್ಲದ ದಿಕ್ಕಿಗೆ ಬರುವಂತೆ ತೊಟ್ಟಿಯನ್ನು ತಿರುಗಿಸಿಟ್ಟುಕೊಳ್ಳಿ.

ತಿರುಗುವಾಗಲೇ ಕ್ಷಣಕಾಲ ಶಾರ್ಟ್ ಆದರೆ ಸ್ಪರ್ಶದ ಅಗಲ ಸೀಳಿಗಿಂತ ಹೆಚ್ಚಿದೆ. ಸೀಳನ್ನು ಅರದಿಂದ ಅಗಲಿಸಿ, ಎಪಾಕ್ಸಿ ತುಂಬಿ ಬಳೆಯ ಮಟ್ಟಕ್ಕೆ ಉಜ್ಜಿ. ಇಲ್ಲದಿದ್ದರೆ ಸ್ಪರ್ಶ ಅಲ್ಲಿ ತಗುಲಿಕೊಳ್ಳುತ್ತದೆ. ಸೇತುವೆಯ ಹಳಿಯನ್ನು ಅಂಟಿಸುವ ಮೊದಲೇ ಅದಕ್ಕೆ ವೈರ್ ಬೆಸೆಯಿರಿ, ಆಮೇಲಾದರೆ ಪ್ಲಾಸ್ಟಿಕ್ ಕರಗಿ ಹಳಿಗಳ ಅಂತರ ಕೆಡುತ್ತದೆ.

ಪ್ರಶ್ನೆ: ಹೆಜ್ಜೆ ಹೆಜ್ಜೆಯಾಗಿ ತಿರುಗುವ 28ಬಿವೈಜೆ-48 ಸ್ಟೆಪರ್ ಮೋಟಾರ್ ನೇರ ಗೂಟಕ್ಕೆ ಜೋಡಿಸಿದ್ದೇನೆ. ಒಮ್ಮೆ ಸರಿಯಾಗಿ ನಿಲ್ಲುತ್ತದೆ, ಒಮ್ಮೆ ಇಲ್ಲ. (ನ್ಯೂಜೆರ್ಸಿ)

ಈ ಮೋಟಾರಿಗೆ ಸುತ್ತಿಗೆ 2048 ಹೆಜ್ಜೆ. 305 ಮಿ.ಮೀ. ಸೇತುವೆಯ ತುದಿಯಲ್ಲಿ ಒಂದು ಹೆಜ್ಜೆ 0.47 ಮಿ.ಮೀ. ಅಷ್ಟು ಸಾಕಾಗಬಹುದಿತ್ತು, ಆದರೆ ಒಳಗಿನ ಹಲ್ಲುಗಾಲಿಗಳಲ್ಲಿ ಸಡಿಲವಿದೆ. ಆ ಸಡಿಲ ಒಂದು ಡಿಗ್ರಿಯಷ್ಟಿದ್ದರೂ ತುದಿಯಲ್ಲಿ 2.7 ಮಿ.ಮೀ. ಪ್ರತಿ ಹಳಿಗೂ ಒಂದೇ ದಿಕ್ಕಿನಿಂದ ಬರುವಂತೆ ಪ್ರೋಗ್ರಾಂ ಮಾಡಿ: ಎದುರಿನಿಂದ ಬರಬೇಕಾದರೆ 10 ಡಿಗ್ರಿ ದಾಟಿ ಹೋಗಿ ಹಿಂದಕ್ಕೆ ಬರಲಿ. ಆರಂಭದ ಜಾಗ ಗುರುತಿಸಲು ಅಯಸ್ಕಾಂತವನ್ನು ಗುರುತಿಸುವ ಎ3144 ಹಾಲ್ ಸೆನ್ಸರ್ ಮತ್ತು ಸಣ್ಣ ಅಯಸ್ಕಾಂತ ಸಾಕು. ಅದು ಒಂದೇ ಧ್ರುವಕ್ಕೆ ಸ್ಪಂದಿಸುವುದರಿಂದ ಅಂಟಿಸುವ ಮೊದಲು ಎರಡೂ ಮುಖ ಹಿಡಿದು ನೋಡಿ.

ಅಷ್ಟಕ್ಕೂ ಸಮಾಧಾನವಾಗದಿದ್ದರೆ ನೆಮಾ 17 ಎಂಬ ದೊಡ್ಡ ಸ್ಟೆಪರ್ ಮೋಟಾರ್, 20 ಮತ್ತು 60 ಹಲ್ಲಿನ ಪುಲ್ಲಿ, ಬೆಲ್ಟ್ ಹಾಕಿ. 1/16 ಮೈಕ್ರೋಸ್ಟೆಪ್‌ನಲ್ಲಿ (ಒಂದು ಪೂರ್ಣ ಹೆಜ್ಜೆಯನ್ನು 16 ಪಾಲು ಮಾಡಿದಾಗ) ಸುತ್ತಿಗೆ 9600 ಹೆಜ್ಜೆ, ತುದಿಯಲ್ಲಿ 0.1 ಮಿ.ಮೀ. ಆದರೆ ನಿಂತ ಮೇಲೆ ಮೋಟಾರಿನ ಕರೆಂಟನ್ನು ಪೂರ್ತಿ ಕಡಿಯಬೇಡಿ. ಕಡಿದರೆ ಅದು ಹತ್ತಿರದ ಪೂರ್ಣ ಹೆಜ್ಜೆಗೆ ಜಾರಿ, ತುದಿಯಲ್ಲಿ 0.8 ಮಿ.ಮೀ. ವರೆಗೂ ಸರಿದುಬಿಡುತ್ತದೆ. ಹಿಡಿತದ ಕರೆಂಟನ್ನು ತಗ್ಗಿಸಿ ಉಳಿಸಿಕೊಳ್ಳಿ.